ಮಗುವಿನ ಹಲ್ಲು ಹುಳುಕಾಗಲು ಅಜ್ಜಿ ಕಾರಣವೇ?

ಪ್ರಶ್ನೆ: ನನ್ನ ಮಗಳಿಗೆ ಒಂದೂವರೆ ವರ್ಷ. ಮೇಲಿನ ಮುಂದಿನ ಹಲ್ಲುಗಳಲ್ಲಿ, ವಸಡಿನ ಅಂಚಿಗೆ ಬಿಳಿ ಗೆರೆ ಕಾಣುತ್ತಿದೆ. ಒಂದರಲ್ಲಿ ಕಂದು ಚುಕ್ಕೆಯೂ ಇದೆ. ನಾನು ಕೆಲಸಕ್ಕೆ ಹೋಗುವುದರಿಂದ ಅತ್ತೆಯೇ ನೋಡಿಕೊಳ್ಳುತ್ತಾರೆ. ರಾಗಿ ಸರಿಯ ಬಿಸಿಯನ್ನು ತಮ್ಮ ಬಾಯಲ್ಲಿ ನೋಡಿ ಅದೇ ಚಮಚದಲ್ಲಿ ತಿನ್ನಿಸುತ್ತಾರೆ. ಅವರಿಗೆ ಹುಳುಕು ಹಲ್ಲುಗಳಿವೆ. ಇದೇ ಕಾರಣವೆಂದು ಗೆಳತಿ ಹೇಳಿದಂದಿನಿಂದ ನಾನು ಅವರೊಂದಿಗೆ ಸರಿಯಾಗಿ ಮಾತಾಡಿಲ್ಲ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ ಬಾಯಲ್ಲಿಲ್ಲದೆ ಮಗು ಮಲಗುವುದಿಲ್ಲ. “ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ ಬಿಡು” ಅನ್ನುತ್ತಾರೆ ಅತ್ತೆ. ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ಚಮಚದ ಬಗ್ಗೆ ಇಷ್ಟು ಬರೆದ ನೀವು ಬಾಟಲಿಯ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ನನಗೆ ಹೆಚ್ಚು ಆತಂಕ ತಂದದ್ದು ಆ ಸಾಲು.

ಗೆಳತಿ ಹೇಳಿದ್ದು ಸುಳ್ಳಲ್ಲ. ಹುಳುಕಿಗೆ ಮುಖ್ಯ ಕಾರಣವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಮಗುವಿಗೆ ಹತ್ತಿರದವರ ಎಂಜಲಿನಿಂದ ಬರುತ್ತದೆ. ಆದರೆ ಬಹಳಷ್ಟು ಮಕ್ಕಳಿಗೆ ಅದು ಬರುವುದು ತಾಯಿಯಿಂದಲೇ. ತಾಯಿ, ಮಗು ಇಬ್ಬರ ಬಾಯಲ್ಲೂ ಒಂದೇ ತಳಿ ಇರುವುದನ್ನು ಸಂಶೋಧಕರು ಕಂಡಿದ್ದಾರೆ. ಮಗುವಿಗೆ 19ರಿಂದ 31 ತಿಂಗಳಾಗುವ ನಡುವೆ ಇದು ಬಾಯಲ್ಲಿ ನೆಲೆಯೂರುತ್ತದೆ ಎಂದು 1993ರಲ್ಲಿ ಅಮೆರಿಕದ ಕಾಫೀಲ್ಡ್ ಮತ್ತು ಸಂಗಡಿಗರು ಬರೆದಿದ್ದರು. ಮುಂದಿನ ಅಧ್ಯಯನಗಳಲ್ಲಿ ಹಲ್ಲೇ ಮೂಡದ ಕೂಸುಗಳ ಬಾಯಲ್ಲೂ ಅದು ಸಿಕ್ಕಿತು. ಮಗುವನ್ನು ಎತ್ತಿ ಮುದ್ದಾಡುವ ಮನೆಯಲ್ಲಿ ಇದನ್ನು ಪೂರ್ತಿ ತಡೆಯಲಾಗದು. ಚಮಚ ಬೇರೆ ಇಡಿ, ಬಿಸಿಯನ್ನು ಕೈಮೇಲೆ ನೋಡಲಿ. ಅಷ್ಟು ಸಾಕು, ಅತ್ತೆಯ ಮೇಲಿನ ಸಿಟ್ಟು ಬಿಡಿ.

ಬ್ಯಾಕ್ಟೀರಿಯಾ ಒಂದರಿಂದಲೇ ಹಲ್ಲು ಕೆಡದು, ಅದಕ್ಕೆ ಸಕ್ಕರೆ ಸಿಗಬೇಕು. ಸಕ್ಕರೆ ತಿಂದು ಅದು ಆಮ್ಲ ಬಿಡುತ್ತದೆ, ಆ ಆಮ್ಲ ಹಲ್ಲಿನ ಎನಾಮಲ್ ಕರಗಿಸುತ್ತದೆ. ಹಗಲಲ್ಲಿ ಜೊಲ್ಲು ಅದನ್ನು ತೊಳೆಯುತ್ತಿರುತ್ತದೆ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ. ಬಾಟಲಿ ಕಚ್ಚಿಕೊಂಡೇ ಮಲಗಿದ ಮಗುವಿನ ಮೇಲಿನ ಹಲ್ಲುಗಳ ಸುತ್ತ ಹಾಲು ನಿಂತಿರುತ್ತದೆ. ಕೆಳಗಿನ ಮುಂದಿನ ಹಲ್ಲುಗಳನ್ನು ನಾಲಿಗೆ ಕಾಯುತ್ತದೆ. ನಿಮ್ಮ ಮಗಳಿಗೆ ಮೇಲಿನ ಹಲ್ಲುಗಳೇ ಮೊದಲು ಕೆಟ್ಟಿರುವುದು ಇದರಿಂದಲೇ ಇರಬೇಕು. ಸಕ್ಕರೆಯ ಬದಲು ಬೆಲ್ಲ, ಕಲ್ಲುಸಕ್ಕರೆ ಹಾಕಿದರೂ ಪರಿಣಾಮ ಇದೇ.

ಬಾಟಲಿಯನ್ನು ಒಂದೇ ರಾತ್ರಿ ಕಿತ್ತುಕೊಂಡರೆ ಮನೆಮಂದಿಗೆಲ್ಲ ನಿದ್ದೆ ಇರದು. ಮೊದಲು ಸಕ್ಕರೆ ನಿಲ್ಲಿಸಿ. ಆಮೇಲೆ ಮಲಗುವಾಗಿನ ಬಾಟಲಿಗೆ ದಿನದಿನಕ್ಕೆ ನೀರು ಹೆಚ್ಚಿಸುತ್ತಾ ಬನ್ನಿ, ಎರಡು ವಾರದಲ್ಲಿ ಬರೀ ನೀರೇ ಆಗಲಿ. ಕುಡಿಯಬೇಕಾದ ಹಾಲನ್ನು ಹಲ್ಲುಜ್ಜುವ ಮುಂಚೆಯೇ ಲೋಟದಲ್ಲಿ ಕೊಡಿ.

ಹಲ್ಲುಜ್ಜಲು ಅತ್ತೆಯನ್ನೂ ಕೂರಿಸಿಕೊಳ್ಳಿ. ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕುಳಿತು ಮಗುವನ್ನು ನಡುವೆ ಮಲಗಿಸಿ. ತಲೆ ನಿಮ್ಮ ತೊಡೆಯ ಮೇಲಿರಲಿ, ಕೈಕಾಲು ಅತ್ತೆ ಹಿಡಿದು ಮಾತಾಡಿಸಲಿ. ಮೇಲ್ದುಟಿ ಎತ್ತಿದರೆ ವಸಡಿನ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಫ್ಲೋರೈಡ್ ಇರುವ ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು, ದಿನಕ್ಕೆ ಎರಡು ಸಲ. ಮಗುವಿಗೆ ಉಗುಳಲು ಬಾರದು, ಮಿಕ್ಕಿದ್ದನ್ನು ಬಟ್ಟೆಯಿಂದ ಒರೆಸಿ. (ಕೋಲಾರ, ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚು; ಅಲ್ಲಿನವರು ದಂತವೈದ್ಯರನ್ನು ಕೇಳಿಯೇ ಪೇಸ್ಟ್ ಆರಿಸಲಿ.)

ಹಾಲುಹಲ್ಲು ಬೀಳುತ್ತದೆ ನಿಜ, ಆದರೆ ಹಿಂದಿನ ದವಡೆ ಹಲ್ಲುಗಳು 10–12 ವರ್ಷದವರೆಗೂ ಬೇಕು. ಅವು ಬೇಗ ಹೋದರೆ ಪಕ್ಕದವು ವಾಲಿಕೊಂಡು, ಮುಂದೆ ಬರುವ ಹಲ್ಲಿಗೆ ಜಾಗ ಸಾಲದು. ನೋವಿರುವ ಮಗು ಊಟವನ್ನೂ ಬಿಡುತ್ತದೆ. ಇದನ್ನು ಅತ್ತೆಗೆ ಸಮಾಧಾನವಾಗಿ ಹೇಳಿ.

ಬಿಳಿ ಗೆರೆ ಹುಳುಕಿನ ಮೊದಲ ಹಂತ. ಸಕ್ಕರೆ ಬಿಟ್ಟು, ಫ್ಲೋರೈಡ್ ವಾರ್ನಿಷ್ ಹಚ್ಚಿಸಿದರೆ ಹಲ್ಲು ಮತ್ತೆ ಗಟ್ಟಿಯಾಗಬಹುದು. ಕಂದು ಚುಕ್ಕೆಗೆ ಏನು ಬೇಕೆಂದು ವೈದ್ಯರು ನೋಡಿಯೇ ಹೇಳಬೇಕು. ಮೊದಲ ಹುಟ್ಟುಹಬ್ಬದೊಳಗೇ ಮಗುವನ್ನು ದಂತವೈದ್ಯರಿಗೆ ತೋರಿಸಬೇಕು ಎಂಬುದು ಮಕ್ಕಳ ದಂತತಜ್ಞರ ಸಲಹೆ. ನಿಮಗೆ ಈಗಾಗಲೇ ತಡವಾಗಿದೆ, ಈ ವಾರವೇ ಹೋಗಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅವರ ಹಲ್ಲಿಗೂ ಚಿಕಿತ್ಸೆ ಬೇಕಾಗಿದೆ.