ಹಿತ್ತಲ ಮೇಪಲ್‌ನಿಂದ ಮಾರುಕಟ್ಟೆಯ ಬಾಟಲಿಗೆ: ಕಾನೂನಿಗೆ ಹೆದರದೆ ಗೆಲ್ಲುವ ಸೂತ್ರಗಳು

ನಮ್ಮೂರಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ. ಅಮೆರಿಕದ ನ್ಯೂ ಇಂಗ್ಲೆಂಡ್ ಭಾಗದಲ್ಲಿ ಆಗಿನ್ನೂ ಮೊಣಕಾಲುದ್ದ ಹಿಮ. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು, ಇವೆರಡೂ ಕೂಡಿಬಂದವೆಂದರೆ ಮೇಪಲ್ ಮರದಲ್ಲಿ ರಸ ಇಳಿಯಲು ಶುರು. ಹೆಚ್ಚುಕಡಿಮೆ ಶಿವರಾತ್ರಿಯಿಂದ ಯುಗಾದಿಯವರೆಗೆ ಇದೇ ಸೀಸನ್. ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್‌ಗಳಲ್ಲಿ ಮನೆ ಮಾಡಿಕೊಂಡ ಎಷ್ಟೋ ಕನ್ನಡಿಗರ ಹಿತ್ತಲಲ್ಲಿ ಈ ಮರಗಳಿವೆ. ಆಲೆಮನೆಯ ಕೊಪ್ಪರಿಗೆ ನೋಡಿ ಬೆಳೆದವರಿಗೆ ರಸ ಕಾಯಿಸುವುದು ಹೊಸದಲ್ಲ. ತಡೆಯುವುದು ಒಂದೇ ಪ್ರಶ್ನೆ: "ಮಾರಿದರೆ ಏನಾದರೂ ಕೇಸ್ ಬೀಳುತ್ತಾ?"

ಈ ಅನುಮಾನ ಒಂದು ಅಭ್ಯಾಸ, ಬಿಡಿಸಿಕೊಳ್ಳಬಹುದು. ಒಂದು ಫೈಲ್ ತೆಗೆಯಿರಿ. ಕೆಳಗಿನ ಒಂದೊಂದು ಅಂಶಕ್ಕೂ ಒಂದೊಂದು ಹಾಳೆ ಸೇರಿಸುತ್ತ ಹೋಗಿ. ಫೈಲ್ ದಪ್ಪವಾದಷ್ಟೂ ಭಯ ತೆಳ್ಳಗಾಗುತ್ತದೆ.

1. ಮರಕ್ಕಿಂತ ಮೊದಲು ವೀಸಾ ನೋಡಿ

ನೀವು ಎಚ್-1ಬಿ ಮೇಲಿದ್ದರೆ ನಿಮಗೆ ಸ್ಪಾನ್ಸರ್ ಮಾಡಿದ ಕಂಪನಿಯ ಕೆಲಸಕ್ಕೆ ಮಾತ್ರ ಅನುಮತಿ. ಸಿರಪ್ ಕಾಯಿಸಿ ಮಾರುವುದು ಸ್ವಂತ ಉದ್ಯೋಗ. ಹತ್ತು ಬಾಟಲಿಯಾದರೂ ಅಷ್ಟೇ. ಎಫ್-1 ವಿದ್ಯಾರ್ಥಿಗಳೂ ಇದೇ ಎಚ್ಚರಿಕೆ ವಹಿಸಿ. "ಹೆಂಡತಿ ಹೆಸರಲ್ಲಿ ಕಂಪನಿ, ಕೆಲಸವೆಲ್ಲ ನಾನು" ಎಂಬ ಉಪಾಯ ಬೇಡವೇ ಬೇಡ. ಒಲೆ ಮುಂದೆ ನಿಂತವರು ಯಾರು ಎಂಬುದೇ ಪ್ರಶ್ನೆಯಾಗುತ್ತದೆ. ಎಚ್-4 ಜೊತೆಗೆ ಇಎಡಿ (ಕೆಲಸದ ಪರವಾನಗಿ) ಇರುವವರು ಸ್ವಂತ ಬಿಸಿನೆಸ್ ಮಾಡಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ, ನಾಗರಿಕರಿಗೆ ಈ ತೊಡಕಿಲ್ಲ. ಸ್ವಲ್ಪ ಗೊಂದಲವಿದ್ದರೂ ಇಮಿಗ್ರೇಷನ್ ವಕೀಲರ ಬಳಿ ಒಂದು ಗಂಟೆ ಕೂತು ಕೇಳಿ. ಹತ್ತು ವರ್ಷ ಕಷ್ಟಪಟ್ಟು ಕಟ್ಟಿಕೊಂಡ ಬದುಕನ್ನು ಒಂದು ಸೀಸನ್‌ನ ಸಿರಪ್‌ಗೆ ಒತ್ತೆ ಇಡಬೇಡಿ. ಅಲ್ಲಿಯವರೆಗೆ ಮನೆಮಟ್ಟಿಗೆ ಕಾಯಿಸಿ, ಕೈ ಪಳಗಿಸಿಕೊಳ್ಳಿ. ಕಲಿಯಲು ಪರ್ಮಿಟ್ ಬೇಕಿಲ್ಲ.

2. ಮರ ಯಾರದ್ದು ಎಂದು ಬರಹದಲ್ಲಿ ಇಟ್ಟುಕೊಳ್ಳಿ

ರಸ್ತೆ ಬದಿಯ ಮರ ಬಹಳ ಕಡೆ ಊರಾಡಳಿತದ್ದು. ಪಾರ್ಕಿನದ್ದು ಸರ್ಕಾರದ್ದು. ಬೇಲಿಯಾಚೆಯದ್ದು ನೆರೆಯವರದ್ದು, ಅವರು ನಗುತ್ತ "ಓಕೆ" ಅಂದಿದ್ದರೂ ಒಂದು ಪುಟದ ಒಪ್ಪಂದಕ್ಕೆ ಸಹಿ ಹಾಕಿಸಿ. ಮನೆ ಮಾರಾಟವಾದರೆ ಬಾಯಿಮಾತು ಹೊಸ ಮಾಲೀಕರಿಗೆ ಅನ್ವಯಿಸುವುದಿಲ್ಲ.

ಎದೆಮಟ್ಟದಲ್ಲಿ ಕನಿಷ್ಠ 10ರಿಂದ 12 ಇಂಚು ವ್ಯಾಸವಿರುವ ಮರಕ್ಕೆ ಮಾತ್ರ ತೂತು ಕೊರೆಯಿರಿ. ಸಣ್ಣ ಮರಕ್ಕೆ ಆ ಗಾಯ ಹೆಚ್ಚು ಹೊರೆಯಾಗುತ್ತದೆ.

3. ಲೆಕ್ಕ ಮೊದಲು, ಕನಸು ಆಮೇಲೆ

ಸುಮಾರು 40 ಲೀಟರ್ ರಸ ಕಾಯಿಸಿದರೆ ಸಿಗುವುದು 1 ಲೀಟರ್ ಸಿರಪ್. ಒಂದು ತೂತಿಗೆ ಒಂದು ಸೀಸನ್ನಿನಲ್ಲಿ ಬರುವುದೂ ಹೆಚ್ಚುಕಡಿಮೆ ಅಷ್ಟೇ ರಸ. ಇಪ್ಪತ್ತು ತೂತಿಗೆ ಇಪ್ಪತ್ತು ಲೀಟರ್ ಸಿರಪ್ ಎಂದು ಹಿಡಿಯಿರಿ. ಸೌದೆ ಅಥವಾ ಗ್ಯಾಸ್, ಬಾಟಲಿ, ಲೇಬಲ್, ವಿಮೆ ಎಲ್ಲ ಬರೆದು ಕೂಡಿಸಿ. ನಿಮ್ಮೂರಿನ ರೈತರ ಸಂತೆಗೆ ಹೋಗಿ ಬೇರೆಯವರ ಬೆಲೆ ಗುರುತು ಮಾಡಿಕೊಂಡು ಬನ್ನಿ. ಸ್ವಂತ ಉದ್ಯೋಗದ ನಿವ್ವಳ ಆದಾಯ ವರ್ಷಕ್ಕೆ 400 ಡಾಲರ್ ಮುಟ್ಟಿತೆಂದರೆ ಸೆಲ್ಫ್ ಎಂಪ್ಲಾಯ್‌ಮೆಂಟ್ ಟ್ಯಾಕ್ಸ್ ಲೆಕ್ಕಕ್ಕೆ ಬರುತ್ತೀರಿ, ಅದನ್ನೂ ಸೇರಿಸಿ.

ಅಡುಗೆಮನೆಯಲ್ಲಿ ಕಾಯಿಸಬೇಡಿ. ನಲವತ್ತರಲ್ಲಿ ಮೂವತ್ತೊಂಬತ್ತು ಭಾಗ ಹಬೆಯಾಗಿ ಗೋಡೆಗೇ ಅಂಟುತ್ತದೆ.

4. ಬೆರಳಿನ ಹದವನ್ನು ನಂಬಬೇಡಿ, ಹೈಡ್ರೋಮೀಟರ್ ಕೊಳ್ಳಿ

ಇಡೀ ವ್ಯವಹಾರದ ಜೀವ ಇಲ್ಲಿದೆ, ನಿಧಾನವಾಗಿ ಓದಿ.

ಅಮೆರಿಕದ ಫೆಡರಲ್ ನಿಯಮದ ಪ್ರಕಾರ ಮೇಪಲ್ ಸಿರಪ್ ಎನ್ನಿಸಿಕೊಳ್ಳಲು ಅದರ ತೂಕದಲ್ಲಿ ಕನಿಷ್ಠ 66% ಕರಗಿದ ಘನಾಂಶ ಇರಬೇಕು. ವರ್ಮಾಂಟ್ ಇನ್ನೂ ಬಿಗಿ, ಅಲ್ಲಿ 66.9%. ಇದಕ್ಕಿಂತ ತೆಳುವಾದರೆ ಬೂಷ್ಟು ಹಿಡಿಯುತ್ತದೆ, ಹುಳಿಯುತ್ತದೆ. ತೀರಾ ಗಟ್ಟಿಯಾದರೆ ತಳದಲ್ಲಿ ಸಕ್ಕರೆ ಹರಳುಗಟ್ಟುತ್ತದೆ. ಕುದಿಯುವ ನೀರಿಗಿಂತ 7 ಡಿಗ್ರಿ ಫ್ಯಾರನ್‌ಹೀಟ್ ಮೇಲೆ ಹೋದಾಗ ಸಿರಪ್ ಹದಕ್ಕೆ ಬಂದಿರುತ್ತದೆ. ನೀರು ಕುದಿಯುವ ಬಿಂದು ಗಾಳಿಯ ಒತ್ತಡದ ಜೊತೆ ಬದಲಾಗುವುದರಿಂದ ಪ್ರತಿ ಸಲ ಒಲೆ ಹಚ್ಚಿದಾಗಲೂ ಮೊದಲು ಬರೀ ನೀರು ಕುದಿಸಿ ಥರ್ಮಾಮೀಟರ್ ಹಿಡಿಯಿರಿ.

ನನ್ನ ಮೊದಲ ವರ್ಷ ಇದನ್ನೆಲ್ಲ ಮಾಡಲಿಲ್ಲ. ಸೌಟು ಎತ್ತಿದೆ. ಪಾಕ ಹನಿಹನಿಯಾಗಿ ಬೀಳದೆ ಅಂಚಿನಿಂದ ಹಾಳೆಯಂತೆ ಇಳಿಯಿತು. ಬೆರಳಲ್ಲಿ ಎಳೆ ನೋಡಿದೆ, ಜೋನಿ ಬೆಲ್ಲದ ಹದ ಗೊತ್ತಿದ್ದ ಕೈ, ಸಾಕು ಅಂದುಕೊಂಡೆ. ಎಂಟು ಬಾಟಲಿ ಸ್ನೇಹಿತರಿಗೆ ಹಂಚಿದೆ. ಮೂರನೆಯ ವಾರ ಒಬ್ಬರ ಫೋನ್: "ಮೇಲೆ ಏನೋ ಬೆಳ್ಳಗೆ ಪದರ ಕಟ್ಟಿದೆ ಕಣ್ರೀ." ಹೋಗಿ ನೋಡಿದರೆ ಬಾಟಲಿಯ ಕತ್ತಿನಲ್ಲಿ ಬೂದುಬಿಳಿ ಬೂಷ್ಟು, ನಾಣ್ಯದಗಲ. ಎಂಟೂ ವಾಪಸ್ ತಂದು ಚೆಲ್ಲಿದೆ. ಅವು ಮಾರಿದ ಬಾಟಲಿಗಳಾಗಿದ್ದರೆ? ಅಂದೇ ಸಿರಪ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಆರ್ಡರ್ ಮಾಡಿದೆ. ಕೈಹದ ದೊಡ್ಡ ವಿದ್ಯೆ, ಅದರ ಮೇಲೆ ನನಗೆ ಅಪಾರ ಗೌರವ. ಆದರೆ ಇನ್ಸ್‌ಪೆಕ್ಟರ್‌ಗೆ ತೋರಿಸಲು ಅಂಕಿ ಬೇಕು.

ಸೋಸಿದ ಸಿರಪ್ಪನ್ನು 180ರಿಂದ 185 ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಲ್ಲೇ ತುಂಬಿ. ಮುಚ್ಚಳ ಬಿಗಿದು ಬಾಟಲಿಯನ್ನು ಒಂದು ನಿಮಿಷ ಮಲಗಿಸಿ. ಮುಚ್ಚಳದ ಒಳಭಾಗವೂ ಆ ಬಿಸಿಗೆ ಶುದ್ಧವಾಗುತ್ತದೆ.

5. ನೊರೆಗೆ ಏನು ಹಾಕಿದಿರಿ? ಬರೆದಿಡಿ

ಕುದಿಯುವ ರಸ ಉಕ್ಕಿ ಬರುತ್ತದೆ. ಒಂದು ತೊಟ್ಟು ಕೊಬ್ಬು ಬಿದ್ದರೆ ನೊರೆ ಕೂರುತ್ತದೆ. ನಮ್ಮವರ ಕೈ ತಾನಾಗಿ ತುಪ್ಪದ ಡಬ್ಬಿಗೆ ಹೋಗುತ್ತದೆ. ತಡೆಯಿರಿ! ತುಪ್ಪ ಎಂದರೆ ಹಾಲು. ಕಡಲೆಕಾಯಿ ಎಣ್ಣೆಯೂ ಬೇಡ. ಹಾಲು, ಕಡಲೆಕಾಯಿ ಎರಡೂ ಅಮೆರಿಕದ ಕಾನೂನು ಹೆಸರಿಸಿರುವ ಪ್ರಮುಖ ಅಲರ್ಜಿ ಆಹಾರಗಳು. 2023ರಿಂದ ಎಳ್ಳೂ ಆ ಪಟ್ಟಿಗೆ ಸೇರಿದೆ. ಒಂದು ತೊಟ್ಟಾದರೂ ಅಲರ್ಜಿ ಇರುವ ಮಗುವಿನ ತಾಯಿಗೆ ಅದು ದೊಡ್ಡ ವಿಷಯ, ದೊಡ್ಡದೇ ಆಗಿರಬೇಕು ಕೂಡ. ಸೂರ್ಯಕಾಂತಿ ಎಣ್ಣೆ ಒಂದೆರಡು ಹನಿ ಬಳಸಿ, ಬಳಸಿದ್ದನ್ನು ನೋಟ್‌ಬುಕ್ಕಿಗೆ ಹಾಕಿ.

6. ಹಳೆಯ ಪಾತ್ರೆಯ ಮೋಹ ಬಿಡಿ

ಗ್ಯಾರೇಜ್ ಸೇಲ್‌ಗಳಲ್ಲಿ ಹಳೆಯ ತಗಡಿನ ಬಕೆಟ್, ಬೆಸುಗೆ ಹಾಕಿದ ಪ್ಯಾನ್ ಅಗ್ಗಕ್ಕೆ ಸಿಗುತ್ತವೆ. ಹಳೆಯ ಬೆಸುಗೆಯಲ್ಲಿ ಸೀಸ ಇರಬಹುದು. ಸೀಸ ಆವಿಯಾಗಿ ಹೋಗುವುದಿಲ್ಲ, ರಸ ಬತ್ತಿದಷ್ಟೂ ಸಾಂದ್ರವಾಗುತ್ತದೆ. ಫುಡ್ ಗ್ರೇಡ್ ಪ್ಲಾಸ್ಟಿಕ್, ಸ್ಟೇನ್‌ಲೆಸ್ ಸ್ಟೀಲ್, ಇವೆರಡೇ ಸಾಕು. ಕೊಂಡ ರಸೀದಿಗಳನ್ನು ಫೈಲಿಗೆ ಸೇರಿಸಿ.

7. ಲೇಬಲ್ ನಿಮ್ಮ ಮಾತು, ಅಳೆದು ಆಡಿ

ಹೆಸರು, ಪ್ರಮಾಣ (ಔನ್ಸ್ ಮತ್ತು ಮಿಲಿಲೀಟರ್ ಎರಡರಲ್ಲೂ), ನಿಮ್ಮ ಬಿಸಿನೆಸ್ ಹೆಸರು, ವಿಳಾಸ, ಇವು ಬೇಕೇ ಬೇಕು. ವರ್ಮಾಂಟ್‌ನಂಥ ರಾಜ್ಯಗಳಲ್ಲಿ ಗ್ರೇಡ್ ಕೂಡ ಕಡ್ಡಾಯ. ಬಣ್ಣ, ರುಚಿಯ ಮೇಲೆ ನಾಲ್ಕು ದರ್ಜೆ: ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್. ಸೀಸನ್ ಮುಂದುವರಿದಂತೆ ಬಣ್ಣ ಗಾಢವಾಗುತ್ತದೆ. ಗಾಢ ಎಂದರೆ ಕೀಳಲ್ಲ, ನೀರುದೋಸೆಗೆ ನನ್ನ ಆಯ್ಕೆ ಯಾವಾಗಲೂ ಡಾರ್ಕ್.

ಪಕ್ಕದ ರಾಜ್ಯದಲ್ಲಿ ಕಾಯಿಸಿ "ವರ್ಮಾಂಟ್ ಮೇಪಲ್" ಎಂದು ಬರೆದರೆ ಅಪರಾಧ. ಒಂದು ಚಮಚ ಸಕ್ಕರೆ ಬೆರೆಸಿ "ಶುದ್ಧ" ಎಂದರೂ ಅಷ್ಟೇ. "ಆರ್ಗ್ಯಾನಿಕ್" ಪದಕ್ಕೂ ನಿಯಮವಿದೆ: ವರ್ಷಕ್ಕೆ 5,000 ಡಾಲರ್‌ವರೆಗಿನ ಆರ್ಗ್ಯಾನಿಕ್ ಮಾರಾಟಕ್ಕೆ ಪ್ರಮಾಣಪತ್ರದಿಂದ ವಿನಾಯಿತಿ ಇದ್ದರೂ ಉತ್ಪಾದನೆಯ ನಿಯಮಗಳನ್ನೆಲ್ಲ ಪಾಲಿಸಲೇಬೇಕು, ಸರ್ಕಾರದ ಆರ್ಗ್ಯಾನಿಕ್ ಮುದ್ರೆ ಹಾಕುವಂತಿಲ್ಲ.

"ಶುಗರ್ ಇದ್ದವರಿಗೂ ಒಳ್ಳೆಯದು", "ಕೆಮ್ಮಿಗೆ ರಾಮಬಾಣ" ಎಂದು ಲೇಬಲ್‌ನಲ್ಲೂ ಬರೆಯಬೇಡಿ, ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಹಾಕಬೇಡಿ. ರೋಗ ಗುಣವಾಗುತ್ತದೆ ಎಂದಿರೋ, ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಣ್ಣಿಗೆ ನಿಮ್ಮ ಸಿರಪ್ ಆಹಾರವಾಗಿ ಉಳಿಯದೆ ಅನುಮತಿಯಿಲ್ಲದ ಔಷಧವಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಅಕ್ಷರಶಃ ಕಾನೂನು.

8. ರಾಜ್ಯದ ಕೃಷಿ ಇಲಾಖೆಗೆ ನೀವೇ ಫೋನ್ ಮಾಡಿ

ಮನೆಯಲ್ಲಿ ಮಾಡಿದ ಆಹಾರ ಮಾರುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಒಂದು ಕಡೆ ಸಿಕ್ಕ ವಿನಾಯಿತಿ ಗಡಿ ದಾಟುವುದಿಲ್ಲ. ಹಾಗಾಗಿ "ಬೇರೆ ರಾಜ್ಯಕ್ಕೆ ಕೊರಿಯರ್ ಮಾಡಬಹುದೇ?" ಎಂದು ಬಿಡಿಸಿ ಕೇಳಿ. ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಂಡು ಪ್ರಿಂಟ್ ತೆಗೆಯಿರಿ. ಅಧಿಕಾರಿಗಳು ಶತ್ರುಗಳಲ್ಲ, ಮೊದಲೇ ಕೇಳಿದವರಿಗೆ ಸಹಾಯ ಮಾಡುತ್ತಾರೆ.

ಫೆಡರಲ್ ಮಟ್ಟದಲ್ಲಿ, ರಸ ಕಾಯಿಸುವುದನ್ನು ಆಹಾರ ಸಂಸ್ಕರಣೆ ಎಂದೇ ಪರಿಗಣಿಸುತ್ತಾರೆ. ವಾಸದ ಮನೆಯಲ್ಲೇ ತಯಾರಿಸುವವರು, ಬಹುಪಾಲು ನೇರ ಗ್ರಾಹಕರಿಗೇ ಮಾರುವವರು ಸಾಮಾನ್ಯವಾಗಿ ಎಫ್‌ಡಿಎ ನೋಂದಣಿಯಿಂದ ಹೊರಗುಳಿಯುತ್ತಾರೆ. ಪ್ರತ್ಯೇಕ ಶೆಡ್ ಕಟ್ಟಿ ಅಂಗಡಿಗಳಿಗೆ ಸಗಟಾಗಿ ಕೊಡಲು ಹೊರಟರೆ ನೋಂದಾಯಿಸಿ. ಶುಲ್ಕವಿಲ್ಲ.

ಕೆನಡಾದ ಕನ್ನಡಿಗರಿಗೆ ಎರಡು ಮಾತು. 2019ರ ನಿಯಮಗಳಂತೆ ಒಂದು ಪ್ರಾಂತ್ಯದಿಂದ ಇನ್ನೊಂದಕ್ಕೆ ಮಾರಲು ಫೆಡರಲ್ ಲೈಸೆನ್ಸ್ ಬೇಕು. ಕ್ವಿಬೆಕ್‌ನಲ್ಲಿ 5 ಲೀಟರ್‌ವರೆಗಿನ ಡಬ್ಬಿಗಳನ್ನು ಗ್ರಾಹಕರಿಗೆ ನೇರ ಮಾರಬಹುದು. ಪೀಪಾಯಿಗಟ್ಟಲೆ ಮಾರಾಟ ಉತ್ಪಾದಕರ ಸಂಘಟನೆಯ ಕೋಟಾ ವ್ಯವಸ್ಥೆಯೊಳಗೇ ನಡೆಯಬೇಕು.

9. ಪ್ರತಿ ಬ್ಯಾಚಿಗೂ ಜಾತಕ ಬರೆಯಿರಿ

ಕಾಯಿಸಿದ ದಿನ, ಯಾವ ಮರಗಳ ರಸ, ಹೈಡ್ರೋಮೀಟರ್ ಅಂಕಿ, ತುಂಬಿದ ಬಿಸಿ, ಬಾಟಲಿ ಸಂಖ್ಯೆ, ಕೊಂಡವರು. ಬಾಟಲಿಯ ಮೇಲೆ ಒಂದು ಬ್ಯಾಚ್ ನಂಬರ್. ಪ್ರತಿ ಬ್ಯಾಚಿನ ಒಂದು ಬಾಟಲಿ ನಿಮ್ಮ ಕಪಾಟಿನಲ್ಲೇ ಉಳಿಯಲಿ. ದೂರು ಬಂದರೆ ಇಡೀ ಸೀಸನ್ ಚೆಲ್ಲುವ ಬದಲು ಆ ಬ್ಯಾಚಿನ ಬಾಟಲಿಗಳನ್ನು ಮಾತ್ರ ವಾಪಸ್ ಕರೆಸಬಹುದು. ಬರೆದರೆ ಸಾಲದು, ಆಗಾಗ ಎಣಿಸಲೂ ಬೇಕು. 2011-12ರಲ್ಲಿ ಕ್ವಿಬೆಕ್‌ನ ದಾಸ್ತಾನಿನಿಂದ ಸುಮಾರು 3,000 ಟನ್ ಸಿರಪ್ ಕಳುವಾಯಿತು. ಗೊತ್ತಾಗಿದ್ದು ಇನ್ಸ್‌ಪೆಕ್ಟರ್ ಒಬ್ಬರು ಪೀಪಾಯಿಗಳನ್ನು ಎಣಿಸಲು ಹತ್ತಿದಾಗ ಒಂದು ಖಾಲಿಯಾಗಿ ಅಲುಗಾಡಿದ್ದರಿಂದ. ನಿಮ್ಮದು ಮೂವತ್ತೇ ಬಾಟಲಿ ಇರಲಿ, ಎಣಿಸಿ.

10. ವಿಮೆ ಇಲ್ಲದೆ ಮೊದಲ ಬಾಟಲಿ ಮಾರಬೇಡಿ

ಮನೆಯ ವಿಮೆ ಸಾಮಾನ್ಯವಾಗಿ ಬಿಸಿನೆಸ್‌ಗೆ ಅನ್ವಯಿಸುವುದಿಲ್ಲ. ಪ್ರಾಡಕ್ಟ್ ಲಯಬಿಲಿಟಿ ಪಾಲಿಸಿ ಬೇರೆಯಾಗಿ ತೆಗೆದುಕೊಳ್ಳಿ; ಎಷ್ಟೋ ಸಂತೆಗಳು ಅದರ ಸರ್ಟಿಫಿಕೇಟ್ ನೋಡದೆ ಮಳಿಗೆಯನ್ನೇ ಕೊಡುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ದೋಷವಿರುವ ಪದಾರ್ಥದಿಂದ ಹಾನಿಯಾದರೆ ಮಾರಿದವರ ಅಜಾಗರೂಕತೆಯನ್ನು ಸಾಬೀತು ಮಾಡುವ ಅಗತ್ಯವೂ ಇಲ್ಲ. ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿಕೊಳ್ಳಿ, ಅದಕ್ಕೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ, ಮನೆ ದಿನಸಿಯ ದುಡ್ಡು ಅದರಲ್ಲಿ ಬೆರೆಸಬೇಡಿ. ಆದರೆ ನಿಮ್ಮ ಕೈಯ ತಪ್ಪಿಗೆ ಎಲ್‌ಎಲ್‌ಸಿ ಗುರಾಣಿಯಾಗುವುದಿಲ್ಲ. ಅದಕ್ಕೇ ನಾಲ್ಕನೆಯ, ಐದನೆಯ ಅಂಶಗಳಿರುವುದು.

11. ಮೊದಲ ಗ್ರಾಹಕರನ್ನು ಹತ್ತಿರದಲ್ಲೇ ಹುಡುಕಿ

ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಸೀಸನ್ ಮುಗಿಯುತ್ತಾ ಬಂದಿರುತ್ತದೆ, ಹೊಸ ಸಿರಪ್ ಸಿದ್ಧ. ಸಮಿತಿಯವರ ಮತ್ತು ಆ ಊರಿನ ಆರೋಗ್ಯ ಮಂಡಳಿಯ ಅನುಮತಿ ಪಡೆದು ಒಂದು ಮೇಜು ಹಾಕಿ. ದೋಸೆಯ ಚೂರಿನ ಮೇಲೆ ಅರ್ಧ ಚಮಚ ಸುರಿದು ಕೊಡಿ. "ಜೋನಿ ಬೆಲ್ಲದ ತಂಗಿ" ಎಂದು ಪರಿಚಯಿಸಿ, ಅಜ್ಜ-ಅಜ್ಜಿಯರಿಗೆ ತಕ್ಷಣ ಅರ್ಥವಾಗುತ್ತದೆ. ಸಣ್ಣ ಬಾಟಲಿ ಮುಂದಿಡಿ, ದೊಡ್ಡದನ್ನು ಹಿಂದೆ.

12. ನಿಲ್ಲಿಸುವ ದಿನ ಗುರುತಿಸಿ

ಮರ ಚಿಗುರೊಡೆಯುತ್ತಿದ್ದಂತೆ ರಸಕ್ಕೆ ಒಂದು ಕೆಟ್ಟ ವಾಸನೆ ಬರುತ್ತದೆ. ಎಷ್ಟೇ ಸೋಸಿದರೂ ಹೋಗದು. ಆಸೆಗೆ ಇನ್ನೊಂದು ಬ್ಯಾಚ್ ಕಾಯಿಸಬೇಡಿ. ತೂತಿಗೆ ಸಿಕ್ಕಿಸಿದ ನಳಿಕೆಗಳನ್ನು ಅಂದೇ ಕಿತ್ತು ತೊಳೆದು ಒಣಗಿಸಿ. ತೂತಿಗೆ ಏನೂ ತುಂಬಬೇಡಿ, ಮರವೇ ಮುಚ್ಚಿಕೊಳ್ಳುತ್ತದೆ. ಕೊರೆದ ಜಾಗಕ್ಕೆ ಗುರುತು ಮಾಡಿ, ಮುಂದಿನ ವರ್ಷ ಅಲ್ಲಿಂದ ದೂರ ಸರಿದು ಕೊರೆಯಬೇಕು. ಫೈಲಿನ ಕೊನೆಯ ಹಾಳೆಯಲ್ಲಿ ಬರೆಯಿರಿ: ಡಿಸೆಂಬರ್ ಮೊದಲ ವಾರ, ಕೃಷಿ ಇಲಾಖೆಗೆ ಮತ್ತೆ ಫೋನ್, ವಿಮೆ ನವೀಕರಣ, ನೆರೆಯವರ ಸಹಿ.