ಮನೆಯಲ್ಲೇ ನಾಯಿಯ ಹೆರಿಗೆ: ಯಾವಾಗ ಸುಮ್ಮನಿರಬೇಕು, ಯಾವಾಗ ಫೋನ್ ಮಾಡಬೇಕು

ಕೆನಡಾದ ಕ್ಯಾಲ್ಗರಿಯಿಂದ ಕೇಳುಗರೊಬ್ಬರು ಪ್ರಶ್ನೆ ಕಳಿಸಿದ್ದಾರೆ. ಅವರ ಮನೆಯ ಲ್ಯಾಬ್ರಡಾರ್‌ಗೆ ಇನ್ನು ಎರಡು ವಾರಕ್ಕೆ ದಿನ ತುಂಬುತ್ತೆ, ಹೊರಗೆ ಹಿಮ ಬಿದ್ದಿದೆ. ಹಾಸನದಲ್ಲಿರುವ ಅಮ್ಮನಿಗೆ ಹೇಳಿದರೆ, "ನಾಯಿಗೂ ಯಾರಾದ್ರೂ ಹೆರಿಗೆ ಮಾಡಿಸ್ತಾರೇನೋ? ನಮ್ಮ ಬೀದಿ ನಾಯಿ ಸೌದೆ ರಾಶಿ ಹಿಂದೆ ತಾನೇ ಮರಿ ಹಾಕ್ಕೊಳ್ಳುತ್ತಲ್ಲ" ಅಂದರಂತೆ. ಅಮ್ಮ ಹೇಳೋದು ಸರೀನಾ ಅನ್ನೋದು ಪ್ರಶ್ನೆ.

ಮುಕ್ಕಾಲು ಪಾಲು ಸರಿ. ನಾಯಿಗೆ ಈ ಕೆಲಸ ಗೊತ್ತು. ಆದರೆ ಆ ಸೌದೆ ರಾಶಿಯ ಹಿಂದೆ ಹುಟ್ಟಿದ್ದೆಷ್ಟು, ಉಳಿದದ್ದೆಷ್ಟು ಅಂತ ನಾವ್ಯಾರೂ ಲೆಕ್ಕ ಇಟ್ಟಿಲ್ಲ. ಉಳಿದ ಕಾಲು ಪಾಲಿನ ಬಗ್ಗೆ ಇವತ್ತು ಮಾತಾಡೋಣ.

ಮೊದಲು ದಿನದ ಲೆಕ್ಕ. ಅಂಡಾಣು ಬಿಡುಗಡೆಯಾದ ದಿನದಿಂದ ಎಣಿಸಿದರೆ ಸುಮಾರು 63 ದಿನ. ಆದರೆ ನಮಗೆ ಗೊತ್ತಿರೋದು ನಾಯಿ ಕೂಡಿದ ದಿನ ಮಾತ್ರ. ಗಂಡಿನ ವೀರ್ಯಾಣು ಹೆಣ್ಣಿನ ದೇಹದಲ್ಲಿ ಹಲವು ದಿನ ಜೀವಂತ ಇರುತ್ತೆ. ಅಂಡಾಣುವೂ ಹೊರಬಂದ ಮೇಲೆ ಬಲಿಯೋಕೆ ಒಂದೆರಡು ದಿನ ತಗೊಳ್ಳುತ್ತೆ. ಹಾಗಾಗಿ ಕೂಡಿದ ದಿನದಿಂದ ಎಣಿಸಿದರೆ 57ರಿಂದ 72 ದಿನ, ಯಾವತ್ತಾದರೂ ಆಗಬಹುದು.

ಕ್ಯಾಲೆಂಡರಿಗಿಂತ ಥರ್ಮಾಮೀಟರ್ ನಂಬಿಕಸ್ತ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಬಸಿರನ್ನು ಹಿಡಿದಿಟ್ಟುಕೊಳ್ಳೋ ಹಾರ್ಮೋನು ಪ್ರೊಜೆಸ್ಟರಾನ್, ಮೈಯನ್ನೂ ಸ್ವಲ್ಪ ಬೆಚ್ಚಗಿಡುತ್ತೆ. ಹೆರಿಗೆ ಹತ್ತಿರ ಬಂದಾಗ ಅದು ಕುಸಿಯುತ್ತೆ, ಜೊತೆಗೆ ಮೈ ಬಿಸಿಯೂ 37.2ರ ಆಸುಪಾಸಿಗೋ ಇನ್ನೂ ಕೆಳಕ್ಕೋ ಇಳಿಯುತ್ತೆ. ಇಳಿದ ಮೇಲೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ ಶುರು. ಅದಕ್ಕೇ ಕೊನೆಯ ವಾರ ದಿನಕ್ಕೆ ಎರಡು ಮೂರು ಸಲ, ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಅಳೆದು ಬರೆದಿಡಿ. ಈ ಇಳಿತ ಕೆಲವೇ ಗಂಟೆ ಇರೋದರಿಂದ ಕಣ್ಣು ತಪ್ಪಬಹುದು. ಇಳೀಲಿಲ್ಲ, ಹಾಗಾಗಿ ಇವತ್ತು ಹೆರಿಗೆ ಇಲ್ಲ ಅಂತ ತೀರ್ಮಾನಿಸೋ ಹಾಗಿಲ್ಲ. 55 ದಿನ ದಾಟಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿ, ಮರಿಗಳ ತಲೆಬುರುಡೆ, ಬೆನ್ನುಮೂಳೆ ಎಣಿಸಬಹುದು. ಒಳಗೆ ಎಷ್ಟಿವೆ ಅಂತ ಗೊತ್ತಿಲ್ಲದಿದ್ದರೆ ಎಲ್ಲ ಹೊರಬಂದವೋ ಇಲ್ಲವೋ ಅಂತ ಹೇಗೆ ಗೊತ್ತಾಗಬೇಕು?

ಮೊದಲ ಹಂತದಲ್ಲಿ ಹೊರಗೆ ಏನೂ ಕಾಣೋದಿಲ್ಲ. ಏದುಸಿರು, ನಡುಕ, ಹಾಸಿಗೆ ಕೆರೆಯೋದು, ಊಟ ಬೇಡ ಅನ್ನೋದು. ಒಳಗೆ ಗರ್ಭಕೋಶದ ಬಾಯಿ ತೆರೀತಾ ಇರುತ್ತೆ. 6ರಿಂದ 12 ಗಂಟೆ, ಒಮ್ಮೊಮ್ಮೆ 24 ಗಂಟೆ. ಇಲ್ಲಿ ನಿಮ್ಮ ಕೆಲಸ ದೂರ ಕೂರೋದು, ಅಷ್ಟೇ. ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸೋಕೆ ಹೋಗಬೇಡಿ; ಗಾಬರಿಯಾದ ನಾಯಿಯಲ್ಲಿ ನೋವು ನಿಂತೇ ಹೋಗಬಹುದು.

ಆಮೇಲೆ ನಾಯಿ ತಿಣುಕೋಕೆ ಶುರು ಮಾಡುತ್ತೆ. ಗಡಿಯಾರ ನೋಡಬೇಕಾದ್ದು ಇಲ್ಲಿಂದ. ಹಿಂಗಾಲು ಮೊದಲು ಬಂದರೆ ಹೆದರಬೇಡಿ. ಮನುಷ್ಯರಲ್ಲಿ ಅದು ಚಿಂತೆಯ ವಿಷಯ. ನಾಯಿಗಳಲ್ಲಿ ಹತ್ತರಲ್ಲಿ ನಾಲ್ಕು ಮರಿ ಹಾಗೇ ಬರುತ್ತವೆ. ಒಂದು ಮರಿಗೂ ಇನ್ನೊಂದಕ್ಕೂ ನಡುವೆ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡುವು ಮಾಮೂಲಿ. ಆದರೆ ಇಪ್ಪತ್ತು ಮೂವತ್ತು ನಿಮಿಷ ಜೋರಾಗಿ ತಿಣುಕಿಯೂ ಮರಿ ಬರಲಿಲ್ಲ ಅಂದರೆ ಫೋನ್ ಎತ್ತಿ. ಇನ್ನೂ ಮರಿ ಒಳಗಿದ್ದು, ನಾಯಿ ತಿಣುಕದೆ ಎರಡು ಗಂಟೆ ಕಳೆದರೂ ಫೋನ್ ಎತ್ತಿ.

ಇನ್ನೊಂದು ಗುರುತು ಹಸಿರು ಬಣ್ಣ. ನಾಯಿಯ ಮಾಸಿನ ಅಂಚಿನಲ್ಲಿ ರಕ್ತ ಒಡೆದು ಆದ ಯುಟೆರೋವರ್ಡಿನ್ ಅನ್ನೋ ಕಡು ಹಸಿರು ದ್ರವ್ಯ ಇರುತ್ತೆ. ಮಾಸು ಗೋಡೆಯಿಂದ ಕಳಚಿದರೆ ಅದು ಹೊರಗೆ ಬರುತ್ತೆ. ಒಂದು ಮರಿ ಹುಟ್ಟಿದ ಮೇಲೆ ಹಸಿರು ಕಂಡರೆ ಸಹಜ. ಮೊದಲ ಮರಿಗಿಂತ ಮುಂಚೆ ಕಂಡರೆ, ಒಳಗೆ ಯಾವುದೋ ಮರಿಗೆ ಆಮ್ಲಜನಕದ ದಾರಿ ಕಟ್ಟಾಗಿದೆ ಅಂತ ಅರ್ಥ. ಕೂಡಲೇ ಆಸ್ಪತ್ರೆಗೆ ಹೊರಡಿ. ರಾತ್ರಿ ತೆರೆದಿರೋ ಪಶು ಆಸ್ಪತ್ರೆ ಯಾವುದು ಅನ್ನೋದನ್ನ ಇವತ್ತೇ ಹುಡುಕಿ, ನಂಬರನ್ನ ಫ್ರಿಜ್ ಮೇಲೆ ಅಂಟಿಸಿ. ನೋವು ಬರಿಸೋ ಆಕ್ಸಿಟೋಸಿನ್ ಇಂಜೆಕ್ಷನ್ನನ್ನ ಮನೆಯಲ್ಲಿ ಕೊಡಲೇಬಾರದು. ಮರಿ ಅಡ್ಡ ಸಿಕ್ಕಿಕೊಂಡಿದ್ದರೆ ಗರ್ಭಕೋಶ ಹರಿದುಹೋಗಬಹುದು.

ಮರಿ ಪೊರೆಯೊಳಗೇ ಬರುತ್ತೆ. ತಾಯಿ ತಕ್ಷಣ ಹರಿದು ನೆಕ್ಕಿದರೆ ಸರಿ. ಒಂದು ನಿಮಿಷದಲ್ಲಿ ಅದು ಗಮನ ಕೊಡದಿದ್ದರೆ ನೀವೇ ಮುಖದ ಪೊರೆ ಹರಿದು, ಮೂಗು ಬಾಯಿ ಒರೆಸಿ, ಒಣ ಟವೆಲ್ಲಿನಲ್ಲಿ ಚೆನ್ನಾಗಿ ಉಜ್ಜಿ. ಮರಿಯನ್ನ ತಲೆಕೆಳಗೆ ಹಿಡಿದು ಬೀಸೋ ಹಳೇ ಪದ್ಧತಿ ಬೇಡ, ಮಿದುಳಿಗೆ ಪೆಟ್ಟಾಗುತ್ತೆ. ಮಾಸನ್ನ ತಾಯಿ ತಿಂದರೆ ಅಸಹ್ಯಪಡಬೇಡಿ, ಒಂದೆರಡು ತಿನ್ನಲಿ. ಜಾಸ್ತಿ ತಿಂದರೆ ಭೇದಿಯಾಗುತ್ತೆ.

ಇನ್ನು ಕ್ಯಾಲ್ಗರಿಯವರಿಗೆ ಎಲ್ಲಕ್ಕಿಂತ ಮುಖ್ಯವಾದ್ದು ಚಳಿ. ಆಗತಾನೇ ಹುಟ್ಟಿದ ಮರಿಗೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳೋ ಶಕ್ತಿ ಇರೋದಿಲ್ಲ. ಮೊದಲ ವಾರ ಮರಿಗಳು ಮಲಗೋ ಜಾಗ 29ರಿಂದ 32 ಡಿಗ್ರಿ ಇರಬೇಕು. ಹೀಟರ್ ಹಾಕಿದ ಮನೆಯಲ್ಲಿ ನಮಗೆ 21 ಡಿಗ್ರಿ ಹಿತ, ಅದೇ ಮರಿಗೆ ಅಪಾಯ. ಪೆಟ್ಟಿಗೆಯ ಒಂದು ಬದಿ ಮಾತ್ರ ಬೆಚ್ಚಗಿಡಿ, ಸೆಕೆ ಅನ್ನಿಸಿದ ಮರಿ ತೆವಳಿಕೊಂಡು ಆಚೆ ಹೋಗಲಿ. ಇಲ್ಲಿ ಒಂದು ವಿಷಯ ಒತ್ತಿ ಹೇಳ್ತೀನಿ: ತಣ್ಣಗಾದ ಮರಿಗೆ ಹಾಲು ಕುಡಿಸಬೇಡಿ. ಮೈ ತಣ್ಣಗಾದಾಗ ಅದರ ಕರುಳು ಕೆಲಸ ನಿಲ್ಲಿಸುತ್ತೆ, ಹಾಲು ಒಳಗೇ ಕೆಡುತ್ತೆ, ಇಲ್ಲವೇ ಶ್ವಾಸಕೋಶಕ್ಕೆ ಹೋಗುತ್ತೆ. ಮೊದಲು ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ಹಾಲು.

ಬೆಚ್ಚಗಿದ್ದ ಮರಿಯನ್ನ ಬೇಗ ಮೊಲೆಗೆ ಹಿಡಿಸಿ. ದನ ಸಾಕಿದವರಿಗೆ ಗಿಣ್ಣು ಗೊತ್ತು (ನಾವು ಅದನ್ನ ಕದ್ದು ಬೆಲ್ಲ ಹಾಕಿ ಬೇಯಿಸ್ತೀವಿ, ಆ ಮಾತು ಬೇರೆ). ನಾಯಿಯಲ್ಲೂ ಅದೇ ಕಥೆ. ಹೊಟ್ಟೆಯಲ್ಲಿರುವಾಗ ಮಾಸಿನ ಮೂಲಕ ಮರಿಗೆ ರೋಗನಿರೋಧಕ ಕಣಗಳು ಸಿಗೋದು ತೀರಾ ಕಡಿಮೆ, ಬಹುಪಾಲು ಗಿಣ್ಣಿನಿಂದಲೇ ಬರಬೇಕು. ಒಂದು ದಿನ ಕಳೆದರೆ ಕರುಳು ಅವನ್ನ ಒಳಗೆ ಬಿಟ್ಟುಕೊಳ್ಳೋದಿಲ್ಲ.

ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್ ಸಾಕಿರೋರಿಗೆ ಮೇಲಿನ ಯಾವ ಧೈರ್ಯವೂ ಅನ್ವಯಿಸೋಲ್ಲ. ದೊಡ್ಡ ತಲೆ, ಕಿರಿದಾದ ಸೊಂಟ ಮಾಡಿಟ್ಟವರು ನಾವೇ ಮನುಷ್ಯರು. ಅವುಗಳಲ್ಲಿ ಬಹುಪಾಲು ಸಿಸೇರಿಯನ್. ಮೊದಲೇ ವೈದ್ಯರ ಹತ್ತಿರ ದಿನ ಗೊತ್ತುಮಾಡಿಕೊಳ್ಳಿ.

ಕೊನೆಯದಾಗಿ ಕ್ಯಾಲ್ಸಿಯಂ. ಬಸುರಿ ನಾಯಿಗೆ ಒಳ್ಳೇದು ಅಂತ ಮಾತ್ರೆ ಕೊಡೋರಿದ್ದಾರೆ. ಹೊರಗಿನಿಂದ ಬರ್ತಾ ಇದ್ದರೆ, ಮೂಳೆಯಿಂದ ಕ್ಯಾಲ್ಸಿಯಂ ತೆಗೆಯೋ ಗ್ರಂಥಿ ಸೋಮಾರಿಯಾಗುತ್ತೆ. ಹಾಲೂಡೋಕೆ ಶುರುವಾಗಿ ಎರಡು ಮೂರು ವಾರಕ್ಕೆ, ಬೇಡಿಕೆ ಏರಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುತ್ತೆ. ಸಣ್ಣ ಜಾತಿಯ ನಾಯಿಗಳಲ್ಲಿ ಇದು ಹೆಚ್ಚು. ತಾಯಿ ಗಾಬರಿಯಿಂದ ಓಡಾಡಿದರೆ, ಕಾಲು ಸೆಟೆದುಕೊಂಡರೆ, ಮೈ ನಡುಗಿದರೆ, ಬೆಳಗ್ಗೆ ನೋಡೋಣ ಅನ್ನಬೇಡಿ. ಮರಿಗಳನ್ನ ಮೊಲೆಯಿಂದ ಬಿಡಿಸಿ, ಅದೇ ರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.