ಪುರುಷರ ಬಂಜೆತನ ಮತ್ತು ಹಾರ್ಮೋನು ಚಿಕಿತ್ಸೆ

ಮಕ್ಕಳಿಲ್ಲದ ದಂಪತಿಗಳ ದುಃಖ ಲೋಕದಲ್ಲಿ ಹೊಸದೇನೂ ಅಲ್ಲ. ಆದರೆ ಆ ದುಃಖದ ಹೊರೆಯನ್ನು ನಮ್ಮ ಸಮಾಜವು ಹೆಣ್ಣಿನ ತಲೆಯ ಮೇಲೆಯೇ ಹೊರಿಸುತ್ತ ಬಂದಿದೆ. ಇದಕ್ಕೆ ನಮ್ಮ ಭಾಷೆಯೇ ಸಾಕ್ಷಿ. ‘ಬಂಜೆ’ ಎಂಬ ಮಾತು ಹೆಂಗಸಿಗೆ ಮಾತ್ರ ಸಲ್ಲುತ್ತದೆ. ಅದಕ್ಕೆ ಸಮನಾದ ಪುಲ್ಲಿಂಗ ಶಬ್ದ ಜನರ ಬಾಯಲ್ಲಿಲ್ಲ. ‘ಷಂಡ’ ಎಂಬ ಬೈಗುಳಿನ ಅರ್ಥವೇ ಬೇರೆ. ದಾಂಪತ್ಯಕ್ಕೆ ಸರ್ವಥಾ ಸಮರ್ಥನಾದ ದೃಢಕಾಯನಲ್ಲಿಯೂ ವೀರ್ಯಾಣುಗಳು ಇಲ್ಲದಿರಬಹುದು. ಹೆಚ್ಚು ಕಡಿಮೆ ಅರ್ಧದಷ್ಟು ಪ್ರಕರಣಗಳಲ್ಲಿ ಗಂಡನಲ್ಲಿಯೂ ಕಾರಣವಿರುತ್ತದೆಂದು ವೈದ್ಯರು ಹೇಳುತ್ತಾರೆ. ಪೌರುಷ ಬೇರೆ, ಸಂತಾನಶಕ್ತಿ ಬೇರೆ. ಈ ಭೇದವನ್ನು ಮರೆತರೆ ಔಷಧವೇ ಹಾನಿಯನ್ನುಂಟುಮಾಡೀತು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ದೇಹದ ವ್ಯವಸ್ಥೆಯನ್ನು ನೋಡೋಣ. ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗವು ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯನ್ನು ಪ್ರಚೋದಿಸುತ್ತದೆ. ಈ ಪ್ರಚೋದಕದ ರಚನೆಯನ್ನು ಕಂಡುಹಿಡಿದ ಶಾಲಿ ಮತ್ತು ಗಿಲ್ಲೆಮಿನ್ ಎಂಬ ವಿಜ್ಞಾನಿಗಳು 1977ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ಪಿಟ್ಯುಟರಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಎಲ್‌ಎಚ್ ಎಂಬುದು ವೃಷಣದಲ್ಲಿ ಟೆಸ್ಟೋಸ್ಟಿರೋನನ್ನು ಹುಟ್ಟಿಸುತ್ತದೆ. ಎಫ್‌ಎಸ್‌ಎಚ್ ಎಂಬುದು ವೀರ್ಯಾಣುಗಳನ್ನು ಪೋಷಿಸುವ ಜೀವಕೋಶಗಳನ್ನು ದುಡಿಸುತ್ತದೆ. ಒಂದು ವೀರ್ಯಾಣು ಸಿದ್ಧವಾಗಲು ಸುಮಾರು ಎರಡೂವರೆ ತಿಂಗಳು ಬೇಕು.

ಕೆರೆಯ ನೀರುಗಂಟಿಯು ಕೊನೆಯ ಗದ್ದೆಗೆ ನೀರು ಮುಟ್ಟಿತೇ ಎಂದು ನೋಡಿ ತೂಬನ್ನು ತೆರೆಯುವಂತೆ, ಮುಚ್ಚುವಂತೆ, ಪಿಟ್ಯುಟರಿಯು ರಕ್ತದಲ್ಲಿರುವ ಟೆಸ್ಟೋಸ್ಟಿರೋನಿನ ಪ್ರಮಾಣಕ್ಕೆ ತಕ್ಕಂತೆ ನಡೆಯುತ್ತದೆ. ಯಾರೋ ಹೊರಗಿನಿಂದ ನೀರು ತಂದು ಕೊನೆಯ ಗದ್ದೆಗೆ ಸುರಿದರೆ ನೀರುಗಂಟಿ ತೂಬು ಮುಚ್ಚುತ್ತಾನೆ. ತೂಬಿನ ನೀರನ್ನೇ ನಂಬಿದ ಮೇಲಿನ ಗದ್ದೆ ಒಣಗುತ್ತದೆ. ಟೆಸ್ಟೋಸ್ಟಿರೋನ್ ಚುಚ್ಚುಮದ್ದಿನಿಂದ ಆಗುವುದೂ ಇದೇ. ವೀರ್ಯಾಣುಗಳ ಬೆಳವಣಿಗೆಗೆ ವೃಷಣದೊಳಗೆ ಈ ಹಾರ್ಮೋನು ರಕ್ತದಲ್ಲಿರುವುದಕ್ಕಿಂತ ಅನೇಕ ಪಟ್ಟು ಹೆಚ್ಚಾಗಿರಬೇಕು. ಹೊರಗಿನ ಮದ್ದು ರಕ್ತಕ್ಕೆ ಸೇರಿದೊಡನೆ ಪಿಟ್ಯುಟರಿ ಸುಮ್ಮನಾಗುತ್ತದೆ, ವೃಷಣದ ಕೆಲಸ ನಿಲ್ಲುತ್ತದೆ. ಮೈಕಟ್ಟಿಗಾಗಿ ಇದನ್ನು ಚುಚ್ಚಿಸಿಕೊಳ್ಳುವ ಯುವಕರು ನೋಡಲು ಬಲಿಷ್ಠರಾಗುತ್ತಾರೆ, ಆದರೆ ವೀರ್ಯಾಣುಗಳನ್ನು ಕಳೆದುಕೊಳ್ಳುತ್ತಾರೆ. ಮದ್ದನ್ನು ಬಿಟ್ಟ ಮೇಲೆ ಸಾಮಾನ್ಯವಾಗಿ ಅವು ಮರಳುತ್ತವಾದರೂ ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷವೂ ಹಿಡಿಯಬಹುದು. ಆದುದರಿಂದ ಮಕ್ಕಳನ್ನು ಬಯಸುವವನಿಗೆ ಟೆಸ್ಟೋಸ್ಟಿರೋನ್ ಕೊಡಬಾರದೆಂಬುದು ಇಂದಿನ ವೈದ್ಯರ ಸ್ಪಷ್ಟ ನಿಯಮ.

ಹಾಗಾದರೆ ಹಾರ್ಮೋನು ಚಿಕಿತ್ಸೆ ಯಾರಿಗೆ? ತೂಬೇ ತೆರೆಯದವರಿಗೆ. ಕೆಲವರಲ್ಲಿ ಹುಟ್ಟಿನಿಂದಲೇ ಮೆದುಳಿನ ಪ್ರಚೋದನೆ ಇರುವುದಿಲ್ಲ; ಅವರಲ್ಲಿ ಕೆಲವರಿಗೆ ವಾಸನೆಯೂ ತಿಳಿಯದು. ಇಂಥವರಿಗೆ ಎಲ್‌ಎಚ್‌ನಂತೆಯೇ ಕೆಲಸ ಮಾಡುವ ಎಚ್‌ಸಿಜಿ ಎಂಬ ಚುಚ್ಚುಮದ್ದನ್ನು ವಾರಕ್ಕೆ ಎರಡು ಮೂರು ಬಾರಿ ಕೊಟ್ಟು, ಕೆಲವು ತಿಂಗಳ ಅನಂತರ ಅಗತ್ಯವಿದ್ದರೆ ಎಫ್‌ಎಸ್‌ಎಚ್ ಸೇರಿಸುತ್ತಾರೆ. ಆರು ತಿಂಗಳಿನಿಂದ ಎರಡು ವರ್ಷದವರೆಗೆ ತಾಳ್ಮೆ ಬೇಕು. ಬಹುಮಂದಿಗೆ ಫಲ ದೊರೆಯುತ್ತದೆ. ಅನೇಕರಿಗೆ ಸಹಜವಾಗಿಯೇ ಮಕ್ಕಳಾಗುತ್ತವೆ. ವೀರ್ಯಾಣುಗಳು ಕೆಲವೇ ಹುಟ್ಟಿದರೂ ನಿರಾಶೆ ಬೇಡ. ಒಂದೇ ವೀರ್ಯಾಣುವನ್ನು ಸೂಕ್ಷ್ಮವಾದ ಸೂಜಿಯಿಂದ ಅಂಡದೊಳಕ್ಕೆ ಸೇರಿಸುವ ಇಕ್ಸಿ ವಿಧಾನವು 1992ರಲ್ಲಿ ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಿಂದ ವರದಿಯಾಯಿತು.

ವೃಷಣವೇ ಕೆಟ್ಟಿದ್ದರೆ ಮಾತು ಬೇರೆ. ಆಗ ಎಫ್‌ಎಸ್‌ಎಚ್ ರಕ್ತದಲ್ಲಿ ಮೊದಲೇ ಹೆಚ್ಚಾಗಿರುತ್ತದೆ. ಇನ್ನಷ್ಟು ಕೊಟ್ಟು ಫಲವಿಲ್ಲ. ನಾಳ ಕಟ್ಟಿಕೊಂಡಿದ್ದರೂ ಹಾರ್ಮೋನಿನಿಂದ ಅದು ತೆರೆಯದು. ಕಾರಣವೇ ತಿಳಿಯದ, ಆದರೆ ವೀರ್ಯಾಣುಗಳು ಕಡಿಮೆಯಿರುವ ಗಂಡಸರಿಗೆ ಇಕ್ಸಿಗೆ ಮುನ್ನ ಮೂರು ತಿಂಗಳ ಕಾಲ ಎಫ್‌ಎಸ್‌ಎಚ್ ಕೊಡುವ ಪದ್ಧತಿಯುಂಟು. ಕೆಲವು ಪ್ರಯೋಗಗಳಲ್ಲಿ ಪ್ರಯೋಜನ ಕಂಡುಬಂದಿದ್ದರೂ ಪ್ರಮಾಣವು ಇನ್ನೂ ದೃಢವಾಗಿಲ್ಲ. ಮದ್ದಿನ ಬೆಲೆಯಾದರೋ ಹೆಚ್ಚು. ಆದ್ದರಿಂದ ಸಾಲ ಮಾಡುವ ಮೊದಲು ದಂಪತಿಗಳು ‘ನಮ್ಮಲ್ಲಿ ಕೊರತೆ ಎಲ್ಲಿದೆ?’ ಎಂದು ವೈದ್ಯರನ್ನು ಕೇಳುವುದು ವಿವೇಕ.

ಈ ಜ್ಞಾನಕ್ಕೆ ನಮ್ಮ ನಾಡಿನ ಕಾಣಿಕೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮೌದ್ಗಲ್ ಅವರೂ ಅವರ ಸಹೋದ್ಯೋಗಿಗಳೂ ನಮ್ಮ ಕಡೆಯ ಕೋತಿಗಳಲ್ಲಿ ಎಫ್‌ಎಸ್‌ಎಚ್ ಅನ್ನು ತಡೆದು ಪರೀಕ್ಷಿಸಿದರು. ಗಂಡುಕೋತಿಗಳ ಸಂತಾನಶಕ್ತಿ ಕುಂದಿತು. ಟೆಸ್ಟೋಸ್ಟಿರೋನ್ ಮಾತ್ರ ಕುಂದಲಿಲ್ಲ. ಪೌರುಷ ಬೇರೆ, ಸಂತಾನಶಕ್ತಿ ಬೇರೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ವೀರ್ಯಪರೀಕ್ಷೆ ನೋವಿಲ್ಲದ್ದು, ಅಲ್ಪ ವೆಚ್ಚದ್ದು. ಆದರೂ ಹೆಂಡತಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ, ದೇವರಿಂದ ದೇವರಿಗೆ ಅಲೆಸಿದ ಮೇಲೆಯೇ ಎಷ್ಟೋ ಗಂಡಂದಿರು ಅದಕ್ಕೆ ಒಪ್ಪುತ್ತಾರೆ. ಅಷ್ಟರಲ್ಲಿ ಅವಳ ವಯಸ್ಸು ಕಳೆದಿರುತ್ತದೆ. ಕೆಲವು ಮನೆಗಳಲ್ಲಿ ಎರಡನೆಯ ಮದುವೆಯ ಮಾತೂ ಎದ್ದಿರುತ್ತದೆ. ಓದುಬರಹ ಕಲಿತ ನಾವು ನಮ್ಮ ನಮ್ಮ ಮನೆಗಳಲ್ಲಿ, ಇಬ್ಬರಿಗೂ ಒಂದೇ ದಿನ ಪರೀಕ್ಷೆಯಾಗಲಿ ಎಂದು ಧೈರ್ಯವಾಗಿ ಹೇಳಿದರೆ, ನಮ್ಮ ವಿದ್ಯೆ ಅಷ್ಟರ ಮಟ್ಟಿಗೆ ಸಾರ್ಥಕ.